ಮೀನಿನ ಮೆಟ್ಟಿಲು

ಬೇರೆ ಊರುಗಳಿಗೆ ನೀರು ಮಳೆಯಿಂದ ಬರುತ್ತದೆ. ಆ ಊರಿಗೆ ಮಾತ್ರ ವ್ರತದಿಂದ ಬರುತ್ತಿತ್ತು. ಹಾಗೆಂದು ಊರಿನವರು ನಂಬಿದ್ದರು. ಮಳೆಯೂ ಬರುತ್ತಿತ್ತು, ಆದರೆ ಅದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಮಳೆ ಬಂದ ದಿನ ಕೊಡೆ ಹಿಡಿದುಕೊಂಡು ವ್ರತದವರ ಮನೆಗೆ ಹೋಗಿ ನಮಸ್ಕಾರ ಮಾಡಿ ಬರುತ್ತಿದ್ದರು.

ಊರಿನ ನಡುವೆ ಕೊಳ. ಕೊಳಕ್ಕೆ ಸುತ್ತಲೂ ಕಲ್ಲಿನ ಮೆಟ್ಟಿಲು. ಒಂದು ಮೆಟ್ಟಿಲಿನ ಮೇಲೆ ಯಾವ ಕಾಲದವರೋ ಬಾಯಿ ತೆರೆದ ಮೀನೊಂದನ್ನು ಕೆತ್ತಿದ್ದರು. ನೀರು ಆ ಮೀನಿನ ಬಾಯಿಯನ್ನು ಮುಟ್ಟಿಕೊಂಡೇ ನಿಂತಿರುತ್ತಿತ್ತು. ಬೇಸಿಗೆಯಲ್ಲೂ ಅಷ್ಟೇ, ಮಳೆಗಾಲದಲ್ಲೂ ಅಷ್ಟೇ. ಊರಿಗೆ ಇದ್ದದ್ದು ಒಂದೇ ಕಟ್ಟಳೆ: ಹಿಡಿದ ವ್ರತವನ್ನು ಬಿಡಬಾರದು. ಉಪವಾಸದವನು ವ್ರತ ಮುಗಿದ ಗಂಟೆ ಕೇಳಿಸುವ ಮುಂಚೆ ಒಂದು ಅಗುಳು ನುಂಗಿದರೆ, ಜಪದವನು ಮಾಲೆಯ ಕೊನೆಯ ಮೇರುಮಣಿ ಮುಟ್ಟುವ ಮುಂಚೆ ಜಪದ ಚೀಲದಿಂದ ಕೈ ತೆಗೆದರೆ, ಮೌನದವನು ಒಂದೇ ಒಂದು ಮಾತು ಆಡಿದರೆ, ನೀರು ಮೀನಿನ ಬಾಯಿ ಬಿಟ್ಟು ಇಳಿಯುತ್ತದೆ. ಇಳಿದದ್ದು ಮತ್ತೆ ಏರುವುದಿಲ್ಲ. ಹಾಗೆ ಇಳಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಯಾರೂ ಕಾಣದೆ ಇರುವುದೇ ಕಟ್ಟಳೆ ನಿಜವೆಂಬುದಕ್ಕೆ ಸಾಕ್ಷಿ ಎಂದು ಊರಿನ ಹಿರಿಯ ಹೇಳುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು.

ಆದ್ದರಿಂದ ಅಲ್ಲಿ ಎಲ್ಲರೂ ಒಂದಲ್ಲ ಒಂದು ವ್ರತ ಹಿಡಿದೇ ಇರುತ್ತಿದ್ದರು. ಉಪವಾಸದವರು ಅನ್ನ ಮುಟ್ಟುತ್ತಿರಲಿಲ್ಲ. ಅವಲಕ್ಕಿ ಅನ್ನವಲ್ಲ. ಸಬ್ಬಕ್ಕಿ ಅನ್ನವಲ್ಲ. ತುಪ್ಪದಲ್ಲಿ ಹುರಿದ ಗೋಡಂಬಿಯಂತೂ ಅನ್ನವೇ ಅಲ್ಲ. ಉಪವಾಸದ ದಿನ ಊರಿನ ಒಲೆಗಳು ಉಳಿದ ದಿನಗಳಿಗಿಂತ ಹೆಚ್ಚು ಹೊತ್ತು ಉರಿಯುತ್ತಿದ್ದವು.

ಸಂಜೆಯಾದರೆ ಜಗಲಿಗಳ ಮೇಲೆ ಉಪವಾಸದವರು ಕೂತು ಮಾತಿಗೆ ತೊಡಗುವರು.

"ನಂದು ಇವತ್ತು ಬರೀ ಹಾಲು."

"ಬರೀ ಅಂದ್ರೆ?"

"ಬರೀ ಅಂದ್ರೆ ಬರೀ. ಸಕ್ಕರೆ, ಏಲಕ್ಕಿ, ಬಾದಾಮಿ, ಅಷ್ಟೇ."

"ನಂದು ಹಾಲೂ ಇಲ್ಲ."

"ಅದಕ್ಕೇ ಮುಖ ಅಷ್ಟು ಜೋಲು ಬಿದ್ದಿದೆ. ಬಾ ಒಳಗೆ, ಒಂದು ಬಾಳೆಹಣ್ಣಿನ ರಸಾಯನ ತಿಂದು ಹೋಗು. ವ್ರತಕ್ಕೆ ಬಲ ಬೇಕಲ್ಲ."

ಇವರೆಲ್ಲರ ವ್ರತ ಮುಗಿದ ಬೆಳಿಗ್ಗೆ ಪಾರಣೆ. ಪಾರಣೆಯ ಊಟವಿಲ್ಲದೆ ಉಪವಾಸ ಮುಗಿಯದು, ಮೌನವೂ ಮುಗಿಯದು. ಆ ಊಟವನ್ನು ಬೇಯಿಸುವುದಕ್ಕೆ ಒಬ್ಬ ಹೆಂಗಸಿದ್ದಳು. ಅವಳಿಗೂ ಹೆತ್ತವರು ಇಟ್ಟ ಹೆಸರೊಂದು ಇದ್ದಿರಬೇಕು. ಊರು ಅವಳನ್ನು ಪಾರಣೆಯವಳು ಎಂದು ಕರೆಯುತ್ತಿತ್ತು. ಕೊಳದ ಪಕ್ಕದಲ್ಲೇ ಅವಳ ಅಡಿಗೆಮನೆ, ನಡುವೆ ಒಂದು ಗೋಡೆ. ಅಗಸೆಸೊಪ್ಪು ಸೋಸಿ, ನೆಲ್ಲಿಕಾಯಿ ಜಜ್ಜಿ, ಹೆಸರುಬೇಳೆ ಬೇಯಿಸಿ, ಹತ್ತು ಬಗೆ ಮಾಡಿ ಬಡಿಸುತ್ತಿದ್ದಳು. ಬೇಯಿಸುವಾಗ ರುಚಿ ನೋಡುವಂತಿಲ್ಲ. ಕೈಯಂದಾಜಿನಲ್ಲೇ ಉಪ್ಪು ಹಾಕಬೇಕು. ಅವಳ ಕೈ ತಪ್ಪುತ್ತಿರಲಿಲ್ಲ.

ಅವಳಿಗೆ ಒಬ್ಬ ಮಗಳಿದ್ದಳು. ಮಗಳ ಹೆಸರು ತುಂಗಿ.

ಪಾರಣೆಯ ಅಡಿಗೆಗೆ ಕೊಳದ ನೀರೇ ಆಗಬೇಕು. ತರುವವರು ಬೆಳಗಿನಿಂದ ಏನೂ ತಿಂದಿರಬಾರದು. ವ್ರತದವರು ನೀರು ಹೊತ್ತರೆ ದಣಿವಾಗುತ್ತದೆ. ಅದಕ್ಕೆ ಮಕ್ಕಳನ್ನು ಹಸಿದಿರಿಸಿ ಕಳುಹಿಸುವುದು ಅಲ್ಲಿನ ವಾಡಿಕೆ. ಅದನ್ನು ಯಾರೂ ಉಪವಾಸವೆಂದು ಕರೆಯುತ್ತಿರಲಿಲ್ಲ. ಮಕ್ಕಳ ಹಸಿವಿಗೆ ಪುಣ್ಯ ಬರುವುದಿಲ್ಲ.

ಆ ಬೆಳಿಗ್ಗೆ ತುಂಗಿ ತಾಯಿಯ ಸೆರಗು ಹಿಡಿದುಕೊಂಡು, "ಒಂದು ಚೂರು ಕೊಡಮ್ಮಾ, ದೋಸೆ ಅಂಚಿಂದು," ಎಂದಿದ್ದಳು.

"ನೀರು ತಂದ್ಮೇಲೆ ಬಿಸಿಬಿಸಿ ಹಾಕಿಕೊಡ್ತೀನಿ. ಹೋಗು ಬಂಗಾರ."

"ತಲೆ ತಿರುಗ್ತದೆ."

"ಓಡಿ ಹೋಗಿ ಓಡಿ ಬಾ, ಸರಿಹೋಗ್ತದೆ," ಎಂದು ತಾಯಿ ಕೈಗೆ ತಾಮ್ರದ ತಂಬಿಗೆ ಕೊಟ್ಟಳು.

ಗೋಡೆಯ ಈಚೆ ಪಾರಣೆಯವಳು ಬೇಳೆ ರುಬ್ಬುತ್ತಿದ್ದಳು. ಒರಳುಕಲ್ಲಿನ ಸದ್ದಿಗೆ ಮಗುವಿನ ದನಿ ಕೇಳಿಸುವುದಿಲ್ಲ. ಗಂಡಸೊಬ್ಬ ಕೂಗಿದರೆ ಕೇಳಿಸುತ್ತದೆ.

ಗೋಡೆಯ ಆಚೆ, ಮೀನಿನ ಮೆಟ್ಟಿಲ ಮೇಲೆ, ಮಹಾಮೌನಿ ಕೂತಿದ್ದ. ಊರಿನ ವ್ರತದವರಲ್ಲೆಲ್ಲ ಅವನೇ ದೊಡ್ಡವನು. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಬಲಗೈ, ಉಣ್ಣುವ ಹೊತ್ತು ಬಿಟ್ಟರೆ, ಸದಾ ಜಪದ ಚೀಲದೊಳಗೆ. ಮುಖ ನೀರಿನ ಕಡೆಗೆ. ಕಣ್ಣು ತೆರೆದಿತ್ತು.

ರುಬ್ಬಿದ್ದಾಯಿತು. ದೋಸೆ ಕಾವಲಿಯ ಮೇಲೆ ಸೀದಿತು. ತಾಯಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ಮಗಳಿರಲಿಲ್ಲ. ತಂಬಿಗೆ ತೇಲಿ ಬಂದು ಮಹಾಮೌನಿಯ ಕಾಲಬಳಿಯ ಕಲ್ಲಿಗೆ ತಾಕುತ್ತಿತ್ತು. ಟಣ್. ಮತ್ತೆ ಟಣ್.

"ಸ್ವಾಮಿ, ನನ್ನ ಮಗು ಇತ್ತ ಬಂತಾ?"

ಚೀಲದೊಳಗೆ ಬೆರಳು ಮಣಿಯಿಂದ ಮಣಿಗೆ ಸರಿಯುತ್ತಿತ್ತು.

"ಸ್ವಾಮಿ."

ಬೆರಳು ಮಣಿಯಿಂದ ಮಣಿಗೆ ಸರಿಯುತ್ತಿತ್ತು. ಕೊನೆಗೆ ಮೇರುಮಣಿ ಮುಟ್ಟಿತು. ಕೈ ಚೀಲದಿಂದ ಹೊರಗೆ ಬಂತು. ಒಂದು ಬೆರಳು ಎದ್ದು ನೀರಿನ ಕಡೆಗೆ ತೋರಿಸಿತು.

ಊರು ಆ ಬೆರಳಿಗೆ ಗಂಧ ಹಚ್ಚಿತು. ಅಂಥ ಪರೀಕ್ಷೆ ಯಾವ ವ್ರತದವನಿಗೂ ಬಂದಿರಲಿಲ್ಲ ಎಂದರು. ಕಣ್ಣೆದುರಿಗೇ ಮಗು ಮುಳುಗುತ್ತಿದ್ದರೂ ತುಟಿ ಅಲುಗಲಿಲ್ಲ, ಮಾಲೆ ನಿಲ್ಲಲಿಲ್ಲ. ಎಂಥ ದೃಢತೆ ಎಂದರು. ಮೆಟ್ಟಿಲ ಮೇಲೆ ಅವನಿಗೆ ನೆರಳಾಗಲೆಂದು ಕಲ್ಲಿನ ಮಂಟಪ ಕಟ್ಟಿಸಿದರು. ಮಂಟಪದ ಕಂಬಕ್ಕೆ ಒಂದು ಬೆರಳನ್ನು ಕೆತ್ತಿಸಿದರು. ಮದುವೆಯಾದವರು ಬಂದು ಆ ಕಲ್ಲಿನ ಬೆರಳಿಗೆ ಅರಿಶಿನ ಹಚ್ಚಿ ಹೋಗುತ್ತಿದ್ದರು, ಹುಟ್ಟುವ ಮಕ್ಕಳಿಗೆ ಅಂಥ ದೃಢತೆ ಬರಲಿ ಎಂದು. ತುಂಗಿಯ ಹೆಸರನ್ನು ಯಾರೂ ಎತ್ತಲಿಲ್ಲ. ಸತ್ತವರ ಹೆಸರು ಜಪದ ನಡುವೆ ನುಸುಳಿದರೆ ಮಾಲೆ ಕೆಡುತ್ತದೆ.

ಹಿರಿಯ ಮಾತ್ರ ಮನೆಗೆ ಬಂದು ಹೊಸ್ತಿಲಾಚೆ ನಿಂತು ಹೇಳಿದ. "ನಿನ್ನ ಮಗಳು ಊರಿನ ನೀರು ಉಳಿಸಿದಳು ಕಣಮ್ಮಾ. ಅವರು ಅವತ್ತು ಬಾಯಿ ತೆರೆದಿದ್ದರೆ ಊರಿಗೆ ಊರೇ ಬಾಯಾರಿ ಸಾಯ್ತಿತ್ತು. ಒಂದು ಜೀವ ಒಂದು ಕಡೆ, ಇಷ್ಟು ಜೀವ ಒಂದು ಕಡೆ. ನೀನೇ ಹೇಳು."

 ಅವಳು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಡಿದುಕೊಳ್ಳುವುದಕ್ಕೆ ಬೇರೆ ಏನೂ ಇರಲಿಲ್ಲ. ಅಂದಿನಿಂದ ಯಾರಾದರೂ ನೀರು ಕುಡಿಯುವುದು ಕಂಡರೆ ನಿಂತು ನೋಡುವಳು. ಹಸು ಬಂದು ಮೂತಿಯಿಟ್ಟರೆ ನೋಡುವಳು. ಪಕ್ಕದ ಮನೆಯವಳು ತುಳಸಿಗೆ ನೀರು ಹೊಯ್ದರೆ ನೋಡುವಳು. ಇದು ನನ್ನ ತುಂಗಿ ಕೊಟ್ಟದ್ದು ಎಂದುಕೊಳ್ಳುವಳು. ಪ್ರತಿದಿನ ಬೆಳಿಗ್ಗೆ ಗೋಡೆಯಾಚೆ ಹೋಗಿ ಮೀನಿನ ಬಾಯನ್ನು ನೋಡಿ ಬರುವಳು. ನೀರು ಅಲ್ಲೇ ಇರುತ್ತಿತ್ತು. ಹಾಗಾದರೆ ಸರಿ, ಎಂದುಕೊಂಡು ಒಲೆ ಹಚ್ಚುವಳು.

ಮಹಾಮೌನಿಗೆ ಊಟ ಕೊಂಡೊಯ್ಯುವ ಕೆಲಸವೂ ಅವಳದೇ. ಮೌನವೆಂದರೆ ಆ ಊರಿನಲ್ಲಿ ಮಾತಿಲ್ಲದಿರುವುದು ಅಷ್ಟೇ, ಬೇಡಿಕೆಯಿಲ್ಲದಿರುವುದಲ್ಲ. ಎಡಗೈ ಚಿಟಿಕೆ ಹೊಡೆದರೆ ತುಪ್ಪ. ಎರಡು ಬೆರಳು ಎತ್ತಿದರೆ ಹಪ್ಪಳ. ಅಂಗೈ ಮಡಚಿ ಬಿಚ್ಚಿದರೆ ಮಜ್ಜಿಗೆಯಲ್ಲ, ಮೊಸರು. ಮಂಟಪದಿಂದ ಕೈಯೊಂದು ಇಡೀ ಊರನ್ನು ಓಡಾಡಿಸುತ್ತಿತ್ತು. ಲೋಕ ಬಿಟ್ಟವನು ಉಪ್ಪಿನಕಾಯಿಯ ರಸ ಹೆಚ್ಚಾಯಿತೆಂದು ತಟ್ಟೆ ಸರಿಸಿದ್ದನ್ನು ಅವಳು ಒಂದಲ್ಲ, ಹಲವು ಸಲ ಕಂಡಿದ್ದಳು.

ಒಂದು ದಿನ ಅವಳ ಕೈ ತಪ್ಪಿತು. ಬೆಳಗಿನಿಂದ ಮಗಳ ನೆನಪು. ಗೊಜ್ಜಿಗೆ ಉಪ್ಪು ಬೀಳಲಿಲ್ಲ. ಮಹಾಮೌನಿ ಒಂದು ಬೆರಳು ನೆಕ್ಕಿದ. ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಗಂಟಲ ಗಂಟು ಮೇಲೇರಿ, ತುಟಿ ಬಿಚ್ಚಿ, ಮಾತು ಹಲ್ಲಿನ ತನಕ ಬಂದು ನಿಂತಿತು. ಅಷ್ಟರಲ್ಲಿ ಎಡಗೈ ನೆರವಿಗೆ ಬಂದು, ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸಿತು: ಉಪ್ಪು.

ಅವಳು ಉಪ್ಪು ತಂದು ಹಾಕಿದಳು. ಅವನು ಉಣ್ಣುತ್ತಿರುವಾಗ ಆ ಗಂಟಲನ್ನೇ ನೋಡುತ್ತ ನಿಂತಳು. ನನ್ನ ಮಗು ಮುಳುಗಿದಾಗ ಈ ಗಂಟಲಿಗೆ ಏನು ಬಂದಿತ್ತು? ಇಷ್ಟು ಬಂದಿತ್ತೆ? ಇದರಲ್ಲಿ ಅರ್ಧವಾದರೂ ಬಂದಿತ್ತೆ?

ಆಮೇಲೆ ಅವಳು ಮೀನಿನ ಬಾಯನ್ನು ನೋಡಿ 'ಹಾಗಾದರೆ ಸರಿ' ಎನ್ನಲಾರದೆ ಹೋದಳು.

ಇಷ್ಟರಲ್ಲಿ ಮಹಾಮೌನಿಯ ವ್ರತ ಮುಗಿಯುವ ಕಾಲ ಬಂತು. ದೊಡ್ಡ ಮೌನದ ಪಾರಣೆ ಕೊಳದ ದಂಡೆಯಲ್ಲೇ ನಡೆಯಬೇಕು. ಬಲಗೈ ಚೀಲದೊಳಗೆ, ಎಡಗೈಯಲ್ಲಿ ತುಳಸಿ. ಎರಡೂ ಕೈ ಕಟ್ಟಿಹಾಕಿದ ಹಾಗೆ. ಪಾರಣೆಯವಳು ಮೊದಲ ತುತ್ತನ್ನು ತಾನೇ ಬಾಯಿಗಿಡಬೇಕು. ಅವನು ನುಂಗಬೇಕು. ನುಂಗಿದ ಮೇಲೆ ಗಂಟೆಯವನು ಗಂಟೆ ಬಾರಿಸಬೇಕು. ಗಂಟೆಯಾದ ಮೇಲೆ ಮೊದಲ ಮಾತು. ಆ ಮಾತಿಗಾಗಿ ಊರು ಕಾದಿತ್ತು. ಇಷ್ಟು ಕಾಲ ಒಳಗೆ ಹುದುಗಿದ್ದ ಮಾತು, ಮಾಗಿದ ಹಣ್ಣಿನ ಹಾಗೆ ಇರುತ್ತದೆ ಎಂದು ಹಿರಿಯ ಹೇಳಿದ್ದ.

ಹಿಂದಿನ ದಿನ ತರಕಾರಿ ಹೆಚ್ಚುವುದಕ್ಕೆ ಜಪದಜ್ಜಿ ಬಂದು ಕೂತಳು. ಅವಳೂ ಚೀಲದವಳೇ. ಮಣಿಯ ನಡುನಡುವೆ ಊರನ್ನೇ ಸುತ್ತಿ ಬರುವ ನಾಲಿಗೆ ಅವಳದು.

"ಶ್ರೀರಾಮ ಶ್ರೀರಾಮ. ಬದನೆಕಾಯಿ ನೀರಲ್ಲಿ ಹಾಕೇ, ಕಪ್ಪಾಗ್ತದೆ. ಶ್ರೀರಾಮ. ಗಂಟೆಯವನ ಹೆಂಡತಿ ಉಪವಾಸ ಅಂತ ಹೇಳಿ ಹಲಸಿನ ಹಣ್ಣು ಇಡೀದು ಮುಗಿಸಿದ್ಲಂತೆ. ಶ್ರೀರಾಮ."

"ಅಜ್ಜಿ, ಒಂದು ಕೇಳ್ಲಾ?"

"ಕೇಳು. ಇನ್ನೂ ಮೇರು ಬಂದಿಲ್ಲ."

"ವ್ರತ ಮುರಿದ್ರೆ ನೀರು ಇಳೀತದೆ ಅಂತಾರಲ್ಲ. ನೀವು ನೋಡಿದ್ದೀರಾ?"

"ಮುರಿದವರೇ ಇಲ್ಲ, ನೋಡೋದೆಲ್ಲಿಂದ ಬಂತು?"

"ನೀವೀಗ ಜಪದ ನಡುವೆ ಮಾತಾಡಿದ್ರಿ."

ಅಜ್ಜಿಯ ಬೆರಳು ಒಂದು ಕ್ಷಣ ನಿಂತಿತು. "ಬಾಯಿ ಆಡಿದ್ರೆ ಏನಂತೆ, ಕೈ ಚೀಲದಲ್ಲೇ ಇದೆಯಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅದನ್ನೆಲ್ಲ ಕೆದಕಬೇಡ ಕಣೇ. ನಿನ್ನ ಸಂಕಟ ನನಗೆ ಗೊತ್ತು. ನೀರಿಗಾಗಿ ಹೋದ್ಲು ಅಂದ್ಕೊಂಡ್ರೆ ಹೊಟ್ಟೆ ತಣ್ಣಗಿರ್ತದೆ. ಸುಮ್ಮನೆ ಹೋದ್ಲು ಅಂತಾದ್ರೆ ಹ್ಯಾಗೆ ಇರ್ತೀಯಾ?"

ಪಾರಣೆಯವಳು ಬದನೆಕಾಯಿಯನ್ನು ನೀರಿಗೆ ಹಾಕಿದಳು. ಅಜ್ಜಿ ಹೇಳಿದ್ದು ನಿಜ. ಅದಕ್ಕೇ ಅವಳಿಗೆ ತಿಳಿಯಬೇಕಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಹತ್ತು ಬಗೆ ಬೇಯಿಸಿದಳು. ಯಾವುದಕ್ಕೂ ಉಪ್ಪು ಹಾಕಲಿಲ್ಲ. ಎಲೆಯ ತುದಿಗೂ ಇಡಲಿಲ್ಲ. ಉಪ್ಪು ತುಂಬಿದ ಪುಟ್ಟ ಮರದ ಮರಿಗೆಯನ್ನು ಸೆರಗಿನಡಿ ಸೊಂಟಕ್ಕೆ ಒತ್ತಿ ಹಿಡಿದುಕೊಂಡು ದಂಡೆಗೆ ಬಂದಳು.

ಊರೆಲ್ಲ ನೆರೆದಿತ್ತು. ಮಹಾಮೌನಿ ಮೀನಿನ ಮೆಟ್ಟಿಲ ಮೇಲೆ ಕೂತಿದ್ದ, ಅಂದು ಕೂತ ಹಾಗೆಯೇ. ಮುಖ ನೀರಿನ ಕಡೆಗೆ. ಬಲಗೈ ಚೀಲದೊಳಗೆ. ಗಂಟೆಯವನು ಹಗ್ಗ ಹಿಡಿದು ನಿಂತಿದ್ದ. ಹಿರಿಯ ಕಣ್ಣು ಮುಚ್ಚಿಕೊಂಡಿದ್ದ. ಅವಳು ತೊವ್ವೆ ಅನ್ನಕ್ಕೆ ತುಪ್ಪ ಹಾಕಿ ಕಲಸಿ, ಒಂದು ತುತ್ತು ಮಾಡಿ, ಬಾಯಿಗಿಟ್ಟಳು.

ದವಡೆ ಒಮ್ಮೆ ಆಡಿತು. ನಿಂತಿತು.

ಮುಖ ಕೆಂಪಾಯಿತು. ನರ ಉಬ್ಬಿತು. ಚೀಲದೊಳಗೆ ಬಲಗೈ ಒದ್ದಾಡಿತು. ಎಡಗೈ ತುಳಸಿಯನ್ನು ಹಿಸುಕಿತು. ನೆರವಿಗೆ ಬರಲು ಇಂದು ಯಾವ ಕೈಯೂ ಇರಲಿಲ್ಲ. ನುಂಗಿದ್ದರೆ ಮುಗಿದುಹೋಗುತ್ತಿತ್ತು. ಒಂದು ಸಪ್ಪೆ ತುತ್ತು. ಮಗು ಮುಳುಗುವಷ್ಟು ಹೊತ್ತು ತಡೆದವನಿಗೆ ಅದೇನು ದೊಡ್ಡದು?

"ಉಪ್ಪೇ ಇಲ್ಲವಲ್ಲೇ," ಎಂದ ಮಹಾಮೌನಿ.

ದನಿ ಗಡುಸಾಗಿತ್ತು. ಸಂತೆಯಲ್ಲಿ ಸೌತೆಕಾಯಿ ಕಹಿಯೆಂದು ಜಗಳ ತೆಗೆಯುವವನ ದನಿಯಂತಿತ್ತು. ಗಂಟೆ ಇನ್ನೂ ಬಾರಿಸಿರಲಿಲ್ಲ.

ಎಲ್ಲರ ಕಣ್ಣೂ ಕೊಳಕ್ಕೆ ತಿರುಗಿತು. ಪಾರಣೆಯವಳೂ ಮೀನನ್ನು ನೋಡಿದಳು. ಇಳಿ, ಎಂದಳು ಮನಸ್ಸಿನಲ್ಲಿ. ಇಳಿ ತಾಯಿ. ಒಂದು ಬೆರಳಷ್ಟಾದರೂ ಇಳಿ. ಊರು ಬಾಯಾರಿದರೆ ಬಾಯಾರಲಿ, ನಾನೂ ಬಾಯಾರಿ ಸಾಯುತ್ತೇನೆ, ನನ್ನ ಮಗು ಹೋದದ್ದಕ್ಕೆ ಒಂದು ಕಾರಣ ಉಳಿಯಲಿ.

ನೀರು ಮೀನಿನ ಬಾಯಿ ಮುಟ್ಟಿಕೊಂಡೇ ನಿಂತಿತ್ತು. ಗಾಳಿಗೆ ಒಂದು ಒಣಗಿದ ಎಲೆ ಬಂದು ಬಿತ್ತು. ಅದು ಕೂಡ ಅಲುಗಲಿಲ್ಲ.

"ಶ್ರೀರಾಮ," ಎಂದಳು ಜಪದಜ್ಜಿ. "ಏನಂದ್ರು?"

"ಏನೂ ಅನ್ನಲಿಲ್ಲ," ಎಂದ ಹಿರಿಯ. "ಗಂಟೆ ಬಾರಿಸಯ್ಯಾ."

ಗಂಟೆಯವನು ಅವಸರದಲ್ಲಿ ಹಗ್ಗ ಜಗ್ಗಿದ.

"ಅಂದರು," ಎಂದಳು ಪಾರಣೆಯವಳು. ಗಂಟೆ ನಿಲ್ಲುವ ತನಕ ಕಾದು ಇನ್ನೊಮ್ಮೆ ಹೇಳಿದಳು. "ಅಂದರು. ಗಂಟೆಗೆ ಮುಂಚೆ ಅಂದರು. ನೀರು ಇಳಿಯಲಿಲ್ಲ. ನೋಡಿ. ಅವತ್ತೂ ಇಳೀತಿರಲಿಲ್ಲ."

ಜನ ನೆಲ ನೋಡಿದರು. ಹಿರಿಯ ಕೆಮ್ಮಿದ. ಅವನಿಗೆ ದಾರಿ ಸಿಕ್ಕುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅದು ಮಾತಲ್ಲಮ್ಮ, ಉಪದೇಶ. ಮಾತಾಗಿದ್ದರೆ ನೀರು ಇಳೀತಿತ್ತು. ಇಳಿಯಲಿಲ್ಲ, ಆದ್ದರಿಂದ ಮಾತಲ್ಲ. ಉಪ್ಪು ಅಂದರೆ ಏನು? ನಾನು ಎಂಬೋದು. ಅದು ನನ್ನೊಳಗೆ ಇಲ್ಲ ಅಂತ ಅಪ್ಪಣೆ ಕೊಡಿಸಿದರು."

ಜನರ ಎದೆಯಿಂದ ಭಾರ ಇಳಿದ ಹಾಗಾಯಿತು. ಯಾರೋ ಕೈಮುಗಿದರು. ಇನ್ನಾರೋ "ಉಪ್ಪೇ ಇಲ್ಲ, ಉಪ್ಪೇ ಇಲ್ಲ" ಎಂದು ಮೆಲ್ಲಗೆ ಶುರುಮಾಡಿದರು. ಚೀಲಗಳು ಹೊರಬಂದವು. ಬೆರಳುಗಳು ಮಣಿಗೆ ಹತ್ತಿದವು. ಉಪ್ಪೇ ಇಲ್ಲ. ಉಪ್ಪೇ ಇಲ್ಲ. ದಂಡೆಯೆಲ್ಲ ಗುಂಯ್ ಎಂದಿತು.

"ಹಿರಿಯರು ಗಾದೇನೇ ಮಾಡಿಟ್ಟಿಲ್ವೇ," ಎಂದು ಜಪದಜ್ಜಿ ಉತ್ಸಾಹದಿಂದ ಬಾಯಿ ತೆರೆದಳು, "ಉಪ್ಪಿಗಿಂತ ರುಚಿಯಿಲ್ಲ…"

ಅಲ್ಲಿಗೆ ನಿಲ್ಲಿಸಿದಳು. ಗಾದೆಯ ಉಳಿದರ್ಧ ಎಲ್ಲರಿಗೂ ಗೊತ್ತಿತ್ತು. ತಾಯಿಗಿಂತ ಬಂಧುವಿಲ್ಲ ಎನ್ನುವುದಕ್ಕೆ ಅಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ಅಜ್ಜಿ ತಲೆ ತಗ್ಗಿಸಿ ಶ್ರೀರಾಮ ಎಂದಳು. ಆ ಒಂದು ಸಲ ಅದು ಜಪದ ಹಾಗೆ ಕೇಳಿಸಿತು.

ಪಾರಣೆಯವಳು ಮಹಾಮೌನಿಯ ಎದುರು ಕೂತಳು. "ಸ್ವಾಮಿ, ಗಂಟೆ ಆಯ್ತು. ಇನ್ನು ನೀವು ಮಾತಾಡಬಹುದು. ಒಂದೇ ಕೇಳ್ತೀನಿ. ನನ್ನ ತುಂಗಿ ಕೂಗಿದಳಾ?"

ಅವನು ಅವಳನ್ನು ನೋಡಿದ. ಎಷ್ಟೋ ಕಾಲದ ಮೇಲೆ ನೋಡಿದ ಹಾಗೆ ನೋಡಿದ. ಬಾಯಿ ಕೊಂಚ ತೆರೆಯಿತು, ತುಟಿಯ ಮೇಲೆ ಅನ್ನದ ಅಗುಳೊಂದು ಅಂಟಿತ್ತು. ಆಮೇಲೆ ಬಲಗೈಯನ್ನು ಚೀಲದಿಂದ ತೆಗೆದು, ಅಂದು ನೀರು ತೋರಿಸಿದ ಅದೇ ಬೆರಳನ್ನು ತನ್ನ ತುಟಿಗೆ ಅಡ್ಡ ಇಟ್ಟುಕೊಂಡ.

"ಮತ್ತೆ ಮೌನ," ಎಂದು ಜನ ಉದ್ಗರಿಸಿದರು. "ಇಷ್ಟು ಬೇಗ. ಎಂಥ ವೈರಾಗ್ಯ."

ಅವಳಿಗೆ ನಗು ಬಂತು. ಸಿಟ್ಟು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಇಷ್ಟು ಕಾಲ ಬೆಟ್ಟವೆಂದು ತಿಳಿದು ಹೆದರಿದ್ದು ಒಂದು ಬೂದಿಗುಡ್ಡೆ. ಕಾಲಿಂದ ಒದೆಯುವಷ್ಟೂ ಅದು ಬಾಳುವುದಿಲ್ಲ. ಸೆರಗಿನಡಿಯಿಂದ ಮರಿಗೆ ತೆಗೆದು, ಒಂದು ಹಿಡಿ ಉಪ್ಪನ್ನು ಅವನ ಎಲೆಯ ನಡುವಿಗೆ ಸುರಿದಳು. "ತಗೊಳ್ಳಿ. ಇದಕ್ಕೇ ಅಲ್ಲವೇ ಬಾಯಿ ಬಿಟ್ಟದ್ದು," ಎಂದಳು. ಆಮೇಲೆ ಪಾತ್ರೆಯಿಂದ ತನಗೊಂದಷ್ಟು ಅನ್ನ ಬಡಿಸಿಕೊಂಡು, ಉಪ್ಪು ಬೆರೆಸಿ, ಎಲ್ಲರೆದುರಿಗೆ ಮೆಟ್ಟಿಲ ಮೇಲೆ ಕೂತು ಉಂಡಳು.  ಕೊನೆಯ ಅಗುಳಿನ ತನಕ ಬಿಡದೆ ಉಂಡಳು.

ಅವಳು ಮತ್ತೆ ಪಾರಣೆಗೆ ಬೇಯಿಸಲಿಲ್ಲ. ಬೇಯಿಸುವವರು ಬೇರೆ ಸಿಕ್ಕರು. ವ್ರತಗಳು ನಡೆದವು, ಮಂಟಪಕ್ಕೆ ಎರಡನೆಯ ಬೆರಳನ್ನೂ ಕೆತ್ತಿಸಿದರು. ಮಹಾಮೌನಿ ಈಗಲೂ ಅಲ್ಲೇ ಕೂರುತ್ತಾನೆ. ಅವನ ಪಕ್ಕದ ಮೆಟ್ಟಿಲ ಮೇಲೆ ಅವಳೂ ಕೂರುತ್ತಾಳೆ, ಬೆಳಗಿನಿಂದ ಬೈಗಿನ ತನಕ. ಮಕ್ಕಳು ನೀರಿನ ಅಂಚಿಗೆ ಹೋದರೆ ಸಾಕು, ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ: "ಏ ಮರೀ, ಹಿಂದಕ್ಕೆ ಬಾ."

ಒಂದೇ ಮಾತನ್ನು ದಿನವೆಲ್ಲ ಹೇಳುವವರನ್ನು ಕಂಡರೆ ಆ ಊರು ಸುಮ್ಮನಿರುವುದಿಲ್ಲ. ಸ್ವಲ್ಪ ಕಾಲದಲ್ಲೇ ಅದೂ ಒಂದು ಜಪವೆಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಹಿರಿಯನೇ ಬಂದು ಅವಳ ಕಾಲಬಳಿ ಸೇವಂತಿಗೆ ಇಟ್ಟು ಕೈಮುಗಿದ. ಅವಳು ಹೂವನ್ನು ಎತ್ತಿ, ನೀರಿಗೆ ಬಂದಿದ್ದ ಎಮ್ಮೆಯ ಬಾಯಿಗೆ ಕೊಟ್ಟಳು. ಎಮ್ಮೆ ತಿಂದಿತು.

ಆಗಲೇ ಒಂದು ಹುಡುಗಿ ತಂಬಿಗೆ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಳು. ಅಂದೂ ಯಾರದೋ ಪಾರಣೆ.

"ಏ ಮರೀ, ಹಿಂದಕ್ಕೆ ಬಾ."

"ನೀರು ತಗೊಂಡು ಹೋಗ್ಬೇಕು ದೊಡ್ಡಮ್ಮ. ಅಮ್ಮ ಕಾಯ್ತಿದ್ದಾಳೆ."

"ಏನು ತಿಂದೆ?"

"ತಿನ್ನೋ ಹಾಗಿಲ್ಲ. ತಿಂದ್ರೆ ನೀರಿನ ಮಡಿ ಕೆಡ್ತದೆ."

ಅವಳು ಮಡಿಲಿನಿಂದ ಬಾಳೆಲೆಯ ಪೊಟ್ಟಣ ಬಿಚ್ಚಿದಳು. ಒಳಗೆ ದೋಸೆ ಇತ್ತು, ಇನ್ನೂ ಬೆಚ್ಚಗಿತ್ತು. ಅಂಚನ್ನು ಮುರಿದು ಹುಡುಗಿಯ ಬಾಯಿಗಿಟ್ಟಳು. ಹುಡುಗಿ ಮಹಾಮೌನಿಯ ಕಡೆ ಹೆದರಿ ನೋಡಿದಳು. ಚೀಲದೊಳಗೆ ಬೆರಳು ಸರಿಯುತ್ತಿತ್ತು.

"ಅವನನ್ನ ನೋಡಬೇಡ," ಎಂದಳು ಅವಳು. "ನುಂಗು. ನುಂಗಿ ಆಮೇಲೆ ಮೀನಿನ ಬಾಯಿ ನೋಡು."

ಹುಡುಗಿ ನುಂಗಿದಳು. ನೋಡಿದಳು. ಕೈಚಾಚಿ ಇನ್ನೊಂದು ಚೂರು ಕೇಳಿದಳು.